ರಫ್ತಾಗುವ ಫೋನಿಗಾಗಿ ಆಮದು ಸುಂಕ ಇಳಿಸಬೇಕಾ? ತಿಳಿದವರು ಹೇಳಿ

ಪೀಣ್ಯ ಟೂಲ್‌ರೂಂ:
ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಟೂಲ್‌ರೂಂ. ಪ್ರೆಸ್ ಟೂಲ್, ಇಂಜೆಕ್ಷನ್ ಮೋಲ್ಡ್ ಮಾಡ್ತೀವಿ. ಒಂದು ವಿಷಯ ತಲೆಗೆ ಹೋಗ್ತಿಲ್ಲ. ಸರ್ಕಾರದ ಲೆಕ್ಕದಲ್ಲಿ 2014-15ರಲ್ಲಿ ದೇಶದೊಳಗೆ ತಯಾರಾದ ಮೊಬೈಲ್‌ಗಳ ಒಟ್ಟು ಬೆಲೆ 19 ಸಾವಿರ ಕೋಟಿ ರೂಪಾಯಿ ಆಸುಪಾಸು. 2024-25ಕ್ಕೆ ಅದು ಸುಮಾರು 5.45 ಲಕ್ಷ ಕೋಟಿ, ಅದರಲ್ಲಿ ಸುಮಾರು 2 ಲಕ್ಷ ಕೋಟಿ ರಫ್ತು. ಸಂತೋಷ.

ಆದರೆ ಇದೇ ಹೊತ್ತಿನಲ್ಲಿ ಬಿಡಿಭಾಗದ ಸುಂಕ ಒಂದೊಂದಾಗಿ ಇಳೀತಾ ಇದೆ. 2024ರ ಜನವರಿಯಲ್ಲಿ ಬ್ಯಾಟರಿ ಕವರ್, ಸಿಮ್ ಸಾಕೆಟ್, ಸ್ಕ್ರೂ ಥರದ ಮಾಲಿಗೆ ಶೇಕಡ 15ರಿಂದ 10ಕ್ಕೆ ಇಳಿಸಿದರು. ಆ ವರ್ಷದ ಜುಲೈ ಬಜೆಟ್‌ನಲ್ಲಿ ಫೋನು, ಚಾರ್ಜರ್, ಜೋಡಿಸಿದ ಪಿಸಿಬಿ (ಸರ್ಕ್ಯೂಟ್ ಹಲಗೆ) 20ರಿಂದ 15ಕ್ಕೆ. 2025ರ ಬಜೆಟ್‌ನಲ್ಲಿ ಕ್ಯಾಮೆರಾ ಮಾಡ್ಯೂಲ್, ಕನೆಕ್ಟರ್‌ಗಳ ಒಳಭಾಗಗಳು ಎರಡೂವರೆಯಿಂದ ಸೊನ್ನೆಗೆ. ಕವರ್, ಸ್ಕ್ರೂ, ಸಾಕೆಟ್ ನಾವು ಮಾಡಬಹುದಾದ ಮಾಲು. ಅದಕ್ಕೇ ಬಾಗಿಲು ತೆಗೆದುಕೊಟ್ಟರೆ ಮೇಕ್ ಇನ್ ಇಂಡಿಯಾ ಯಾರಿಗೆ?

ಧಾರವಾಡ ಮಾಸ್ತರ:
ಪ್ರಶ್ನಿ ಛಲೋ ಅದ ರೀ. ಉತ್ತರ ಉದ್ದ ಆಗೂದರಿಂದ ಪುಸ್ತಕದ ಭಾಷಾದಾಗ ಬರೀತೇನಿ, ಬೇಸರ ಮಾಡ್ಕೋಬ್ಯಾಡ್ರಿ.

ಸುಂಕ ಹಾಕುವಾಗ ಸರ್ಕಾರಗಳ ಮನಸ್ಸಿನಲ್ಲಿ ಹಳೆಯ ಚಿತ್ರ ಒಂದಿತ್ತು: ಮಾಲು ಒಂದು ದೇಶದಲ್ಲಿ ಹುಟ್ಟುತ್ತದೆ, ಇನ್ನೊಂದು ದೇಶದಲ್ಲಿ ಮಾರಾಟವಾಗುತ್ತದೆ, ನಡುವೆ ಒಂದು ಗಡಿ. ಮೊಬೈಲಿನ ವಿಷಯದಲ್ಲಿ ಇದು ಪೂರ್ತಿ ಸುಳ್ಳು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧನಾ ಸಂಸ್ಥೆ 2010ರಲ್ಲಿ ಐಫೋನ್ 3ಜಿಯನ್ನು ಬಿಚ್ಚಿ ಲೆಕ್ಕ ಹಾಕಿತ್ತು. ಒಂದು ಫೋನಿನ ತಯಾರಿಕಾ ವೆಚ್ಚ 178.96 ಡಾಲರ್. ಚೀನಾದಲ್ಲಿ ಜೋಡಿಸುವ ಕೂಲಿ 6.50 ಡಾಲರ್. ಉಳಿದದ್ದು ಜಪಾನ್, ಕೊರಿಯಾ, ಜರ್ಮನಿ, ಸ್ವತಃ ಅಮೆರಿಕದ ಭಾಗಗಳು. ಆದರೆ ಕಸ್ಟಮ್ಸ್ ಲೆಕ್ಕದಲ್ಲಿ ಪೂರ್ತಿ 178.96 ಡಾಲರ್ ಚೀನಾದ ರಫ್ತು! 2009ರಲ್ಲಿ ಈ ಒಂದೇ ಫೋನು ಅಮೆರಿಕ-ಚೀನಾ ವ್ಯಾಪಾರ ಕೊರತೆಗೆ 190 ಕೋಟಿ ಡಾಲರ್ ಸೇರಿಸಿತ್ತು. ಇಂಥ ಲೆಕ್ಕ ಇಟ್ಟುಕೊಂಡು ನೀತಿ ಮಾಡಿದರೆ ಎಡವಟ್ಟಾಗುತ್ತದೆಂದೇ ಆಮೇಲೆ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಮತ್ತು ವಿಶ್ವ ವ್ಯಾಪಾರ ಸಂಸ್ಥೆ ಸೇರಿ ಪ್ರತಿ ದೇಶ ಸೇರಿಸಿದ ಮೌಲ್ಯವನ್ನು ಬೇರೆಯಾಗಿ ಎಣಿಸಲು ಶುರು ಮಾಡಿದವು.

ಈಗ ನಿಮ್ಮ ಪ್ರಶ್ನೆ. ಕೋಲಾರದ ಹತ್ತಿರದ ನರಸಾಪುರದಲ್ಲಿ ಜೋಡಿಸಿದ ಫೋನು ಅಮೆರಿಕಕ್ಕೆ ಹೋಗುತ್ತದೆ ಅನ್ನಿ. ಅದರೊಳಗಿನ ಬಹುಪಾಲು ಭಾಗ ಹೊರಗಿನಿಂದ ಬಂದದ್ದು. ಆ ಭಾಗದ ಮೇಲೆ ಹಾಕಿದ ಸುಂಕವನ್ನು ಕೊಡುವವರು ಚೀನಾದವರಲ್ಲ, ನರಸಾಪುರದವರು. ರಫ್ತು ಮಾಡಿದ ಮೇಲೆ ಡ್ರಾಬ್ಯಾಕ್ ಎಂದು ವಾಪಸ್ ಸಿಗಬಹುದು, ಮುಂಗಡ ಅನುಮತಿ ಪಡೆದು ಸುಂಕವಿಲ್ಲದೆಯೂ ತರಬಹುದು. ಆದರೆ ದೊಡ್ಡವರಿಗೆ ಅದಕ್ಕೊಂದು ಇಲಾಖೆಯೇ ಇರುತ್ತದೆ, ಸಣ್ಣವರ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಒಟ್ಟಿನಲ್ಲಿ ಒಳಭಾಗದ ಮೇಲಿನ ಆಮದು ಸುಂಕ ನಮ್ಮದೇ ರಫ್ತಿನ ಮೇಲಿನ ತೆರಿಗೆ. ನನ್ನ ವಾದ ಇಷ್ಟೇ.

ಪೀಣ್ಯ ಟೂಲ್‌ರೂಂ:
ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದರೆ 2017ರಲ್ಲಿ ಸುಂಕ ಹಾಕದೇ ಇದ್ದಿದ್ದರೆ ಜೋಡಣೆ ಕಾರ್ಖಾನೆ ಇಲ್ಲಿಗೆ ಬರ್ತಿತ್ತಾ? ಸುಂಕ ಸೊನ್ನೆ ಇದ್ದ ಕಾಲದಲ್ಲಿ ಬಹುಪಾಲು ಫೋನು ಡಬ್ಬಿ ಸಮೇತ ಹೊರಗಿನಿಂದಲೇ ಬರ್ತಿತ್ತಲ್ಲ.

ಧಾರವಾಡ ಮಾಸ್ತರ:
ಬರ್ತಿರಲಿಲ್ಲ, ಒಪ್ಪಿದೆ. 1996ರಲ್ಲಿ ಸಿಂಗಾಪುರದಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ನಾವು ಮರುವರ್ಷ ಸೇರಿ ಅನೇಕ ಎಲೆಕ್ಟ್ರಾನಿಕ್ ಮಾಲಿಗೆ ಸೊನ್ನೆ ಸುಂಕ ಒಪ್ಪಿಕೊಂಡೆವು. ನಮ್ಮ ಹಾರ್ಡ್‌ವೇರ್ ಉದ್ಯಮ ನೆಲ ಕಚ್ಚಿತು ಎಂಬ ದೂರು ಅಂದಿನಿಂದಲೂ ಇದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಜೊತೆಗೇ ಫೋನಿಗೆ 10 ಶೇಕಡ ಮೂಲ ಸುಂಕ ಬಂತು, ಡಿಸೆಂಬರಿನಲ್ಲಿ 15 ಆಯಿತು, 2018ರ ಫೆಬ್ರವರಿಗೆ 20. ಜೊತೆಗೆ ಹಂತ ಹಂತವಾಗಿ ಚಾರ್ಜರ್, ಬ್ಯಾಟರಿ, ಕ್ಯಾಮೆರಾ, ಡಿಸ್‌ಪ್ಲೇ ಎಂದು ಒಂದೊಂದಕ್ಕೂ ಸುಂಕ ಏರಿಸುವ ಕಾರ್ಯಕ್ರಮ. ಇದರಿಂದ ದೇಶದೊಳಗೆ ಮಾರುವ ಫೋನುಗಳ ಜೋಡಣೆ ಇಲ್ಲಿಗೆ ಬಂತು, ಖರೆ.

ರಫ್ತು ಬಂದದ್ದು ಆಮೇಲೆ, ಬೇರೆ ಕಾರಣಕ್ಕೆ. 2020ರ ಏಪ್ರಿಲ್‌ನಲ್ಲಿ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ, ಅಂದರೆ ಪಿಎಲ್‌ಐ, ಪ್ರಕಟವಾಯಿತು. 40,951 ಕೋಟಿ ರೂಪಾಯಿ, ಹೆಚ್ಚುವರಿ ಮಾರಾಟದ ಮೇಲೆ 4ರಿಂದ 6 ಶೇಕಡ ಐದು ವರ್ಷ. ವಿದೇಶಿ ಕಂಪನಿಗಳಿಗೆ 15,000 ರೂಪಾಯಿಗಿಂತ ಮೇಲಿನ ಫೋನಿಗೆ ಮಾತ್ರ. ಅಂದರೆ ಒಂದು ಕೈಯಲ್ಲಿ ಸುಂಕ ವಸೂಲಿ, ಇನ್ನೊಂದು ಕೈಯಲ್ಲಿ ಪ್ರೋತ್ಸಾಹಧನ. ಸುಂಕದಿಂದ ಆದ ನಷ್ಟವನ್ನೇ ಧನ ಕೊಟ್ಟು ತುಂಬಿಸುತ್ತಿದ್ದೇವೋ ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು. 2023ರಲ್ಲಿ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಇಂಥದೇ ಪ್ರಶ್ನೆ ಎತ್ತಿದಾಗ ದೊಡ್ಡ ಜಗಳವೇ ಆಯಿತು. ಅವರ ಲೆಕ್ಕ ನನಗೆ ಸ್ವಲ್ಪ ಅವಸರದ್ದು ಅನ್ನಿಸಿತ್ತು, ಪ್ರಶ್ನೆ ಮಾತ್ರ ಸರಿ ಇತ್ತು.

ಏರ್ ಕಾರ್ಗೋ ಏಜೆಂಟ್:
ದೇವನಹಳ್ಳಿ ಕಾರ್ಗೋದಲ್ಲಿ ಕ್ಲಿಯರಿಂಗ್ ಕೆಲಸ ನಮ್ಮದು. ನೀವೆಲ್ಲ ನೀತಿ ಮಾತಾಡ್ತೀರ, ನಾವು ಅದರ ಕಸ ಗುಡಿಸ್ತೀವಿ 😄

ಡಿಸ್‌ಪ್ಲೇ ಅಸೆಂಬ್ಲಿ ಕಥೆ ಕೇಳಿ. 2020ರ ಅಕ್ಟೋಬರಿಂದ ಅದಕ್ಕೆ 10 ಶೇಕಡ. ಆದರೆ ಡಿಸ್‌ಪ್ಲೇ ಅಂದರೆ ಏನೇನು ಸೇರಿದ್ದು? ಹಿಂದೆ ಆಧಾರಕ್ಕೆ ಒಂದು ತಗಡಿನ ಫ್ರೇಂ ಅಂಟಿಸಿಕೊಂಡೇ ಬರುತ್ತೆ. ಅದು ಡಿಸ್‌ಪ್ಲೇನಾ, ಬೇರೆ ಬಿಡಿಭಾಗಾನಾ? ಕಡೆಗೆ 2022ರ ಆಗಸ್ಟ್‌ನಲ್ಲಿ ಕಸ್ಟಮ್ಸ್ ಮಂಡಳಿ ಸುತ್ತೋಲೆ ಹೊರಡಿಸಬೇಕಾಯ್ತು. ಆಗಿನ ದರದಲ್ಲಿ ಬರೀ ಹಿಂಬದಿ ಫ್ರೇಂ ಅಂಟಿಸಿದ್ದರೆ 10. ಅದೇ ಫ್ರೇಂ ಒಂಟಿಯಾಗಿ ಬಂದರೆ 15. ಫ್ರೇಮಿಗೆ ಸಿಮ್ ಟ್ರೇ, ಸ್ಪೀಕರ್ ಜಾಳಿಗೆ, ಪವರ್ ಬಟನ್, ಆಂಟೆನಾ ಪಿನ್ ಏನಾದರೂ ಸಿಕ್ಕಿಸಿಕೊಂಡು ಬಂದರೆ ಪೂರ್ತಿ ಅಸೆಂಬ್ಲಿಗೆ 15. ಒಂದು ಬಟನ್ ಇದ್ದ ಮಾತ್ರಕ್ಕೆ ಇಡೀ ಪೆಟ್ಟಿಗೆಗೆ 5 ಶೇಕಡ ಜಾಸ್ತಿ! ಭಾಗ ಭಾಗಕ್ಕೆ ಬೇರೆ ಬೇರೆ ದರ ಇಟ್ಟಷ್ಟೂ ಜಗಳ ಜಾಸ್ತಿ. ನಮಗೇನೋ ಒಳ್ಳೇದೇ, ಅದರಲ್ಲೇ ಹೊಟ್ಟೆಪಾಡು.

ಅಂದಹಾಗೆ ಮೇಷ್ಟ್ರು ಒಂದು ಬಿಟ್ಟರು. 1996ರ ಒಪ್ಪಂದ ಮುರಿದಿದ್ದೀರಿ ಅಂತ ಯುರೋಪ್, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. 2023ರ ಏಪ್ರಿಲ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಜಪಾನ್ ಕೇಸಿನಲ್ಲಿ ನಾವು ಮೇಲ್ಮನವಿ ಹಾಕಿದ್ವಿ. ಮೇಲ್ಮನವಿ ಪೀಠ 2019ರ ಡಿಸೆಂಬರಿಂದ ಸಾಕಷ್ಟು ಸದಸ್ಯರಿಲ್ಲದೆ ನಿಂತಿದೆ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು. ಅಂದರೆ ಕೇಸು ಹೋಗಿ ಕೂತಿದ್ದು ಜಡ್ಜ್ ಇಲ್ಲದ ಕೋರ್ಟಲ್ಲಿ.

ಹಾಸನದವ ಹನೋಯ್‌ನಲ್ಲಿ:
ಇಲ್ಲಿ ವಿಯೆಟ್ನಾಂನಲ್ಲಿ ಕೂತು ನೋಡೋರಿಗೆ ಈ ಚರ್ಚೆ ವಿಚಿತ್ರ ಅನಿಸುತ್ತೆ. ಬಕ್ ನಿಂಗ್, ಥಾಯ್ ಙುಯೆನ್ ಕಡೆ ಸ್ಯಾಮ್‌ಸಂಗ್ ಕಾರ್ಖಾನೆಗಳಿವೆ. ಇವರು ಒಳಭಾಗಕ್ಕೆ ಸುಂಕ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಬದಲಿಗೆ ಎಲ್ಲರ ಜೊತೆ ಒಪ್ಪಂದ: ಪೆಸಿಫಿಕ್ ಸುತ್ತಲಿನ ದೇಶಗಳ ಸಿಪಿಟಿಪಿಪಿ, 2020ರ ಆಗಸ್ಟಿಂದ ಯುರೋಪಿನ ಜೊತೆ, ಆಮೇಲೆ ಚೀನಾ, ಆಸಿಯಾನ್ ಎಲ್ಲ ಇರೋ ಆರ್‌ಸೆಪ್. ಭಾಗ ಚೀನಾದಿಂದ ಬರುತ್ತೆ, ಫೋನು ಎಲ್ಲ ಕಡೆ ಹೋಗುತ್ತೆ. ನಾವು 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಆರ್‌ಸೆಪ್ ಬೇಡ ಅಂದು ಎದ್ದು ಬಂದ್ವಿ.

ಆದರೆ ಇವರದ್ದೂ ಸುಖದ ಕಥೆ ಅಲ್ಲ. 2025ರ ಜುಲೈಯಲ್ಲಿ ಅಮೆರಿಕ ವಿಯೆಟ್ನಾಂಗೆ 20 ಶೇಕಡ ಅಂತ ಘೋಷಿಸಿತು, ಬೇರೆ ದೇಶದ ಮಾಲು ವಿಯೆಟ್ನಾಂ ಮೂಲಕ ದಾಟಿಸಿದ್ದು ಅಂತ ಕಂಡರೆ 40. ಅಂದರೆ ಚೀನಾ ಮಾಲು ಎಷ್ಟಿದೆ ಅನ್ನೋದೇ ಆಗ ಪ್ರಶ್ನೆ ಆಯ್ತು. ಇಷ್ಟು ದಿನ ಯಾವುದು ಇವರ ಬಲ ಆಗಿತ್ತೋ ಅದೇ ಕುತ್ತಿಗೆಗೆ ಬಂತು. ಇನ್ನೊಂದು, ದೊಡ್ಡ ಕಂಪನಿಗಳಿಗೆ ಇಲ್ಲಿ ಸಿಗ್ತಿದ್ದ ತೆರಿಗೆ ರಿಯಾಯಿತಿ ಕೂಡ 2024ರಿಂದ ಜಾಗತಿಕ ಕನಿಷ್ಠ 15 ಶೇಕಡ ನಿಯಮ ಬಂದ ಮೇಲೆ ಮೊದಲಿನ ಹಾಗಿಲ್ಲ. ಅದನ್ನು ಸರಿದೂಗಿಸೋಕೆ ಹೂಡಿಕೆ ನೆರವು ನಿಧಿ ಅಂತ ಮಾಡಿ ಬೇರೆ ಬಾಗಿಲಿಂದ ಕೊಡ್ತಿದ್ದಾರೆ.

ಸೋಮವಾರಪೇಟೆ ಕರಿಮೆಣಸು:
ಫೋನಿನವರು ಮಾತ್ರ ಮಾತಾಡೋದಾ? ದಾಟಿಸೋದು ಅಂದ್ರೆ ಏನು ಅಂತ ಕೊಡಗಿನವರನ್ನ ಕೇಳಿ. ಕರಿಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ 70 ಶೇಕಡ. ಆದರೆ ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಸೊನ್ನೆ ಸುಂಕಕ್ಕೆ ಬರುತ್ತೆ, ಮೇಲಿನದಕ್ಕೆ ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಒಪ್ಪಂದದ ಅಡಿ 8 ಶೇಕಡ. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿಕೊಂಡು ಶ್ರೀಲಂಕಾ ಮೆಣಸಾಗಿ ಬರ್ತಿದೆ ಅಂತ ನಾವು ಬಾಯಿ ಬಡ್ಕೊಂಡ್ವಿ. 2017ರ ಡಿಸೆಂಬರಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಆಯ್ತು, ಅದಕ್ಕಿಂತ ಕಡಿಮೆಗೆ ತರೋ ಹಾಗಿಲ್ಲ ಅಂತ.

ಮೇಷ್ಟ್ರ ವಾದ ಹಿಡಿದರೆ ನಮ್ಮ ಮೆಣಸೂ 'ಒಳಭಾಗ'ವೇ. ಮೆಣಸಿನ ಎಣ್ಣೆ, ಓಲಿಯೊರೆಸಿನ್ (ಗಟ್ಟಿ ಸಾರ) ತೆಗೆದು ರಫ್ತು ಮಾಡೋ ಕೇರಳದ ಕಾರ್ಖಾನೆಯವರು ಇದನ್ನೇ ಹೇಳಿದ್ರು: ಅಗ್ಗದ ಮೆಣಸು ತರಲು ಬಿಡಿ, ಇಲ್ಲದಿದ್ರೆ ನಮ್ಮ ರಫ್ತು ಹೋಗುತ್ತೆ ಅಂತ. ಮುಂಗಡ ಅನುಮತಿಯಲ್ಲಿ ತರೋರಿಗೆ ಆಮೇಲೆ ಆ 500ರ ನಿಯಮದಿಂದ ವಿನಾಯಿತಿ ಸಿಕ್ಕಿತು. ಬೆಳೆಯೋನು ನಾನು. ಸರಪಳಿಯಲ್ಲಿ ನನ್ನ ಮೇಲೆ ಕೂತೋನ ಲಾಭಕ್ಕೆ ನನ್ನ ಬೆಲೆ ಬೀಳಬೇಕಾ?

ಧಾರವಾಡ ಮಾಸ್ತರ:
ಸೋಮವಾರಪೇಟೆಯವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಸುಂಕ ಇಳಿಸಿದರೆ ಒಟ್ಟು ದೇಶಕ್ಕೆ ಲಾಭ ಅನ್ನುವುದು ಸುಲಭ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ, ಇಬ್ಬರೂ ನಮ್ಮವರೇ. ಮೊದಲು ಜಗಳ ನಮ್ಮ ಉದ್ಯಮ ಮತ್ತು ಹೊರಗಿನ ಉದ್ಯಮದ ನಡುವೆ ಇತ್ತು. ಈಗ ಪೀಣ್ಯ ಮತ್ತು ನರಸಾಪುರದ ನಡುವೆ, ಸೋಮವಾರಪೇಟೆ ಮತ್ತು ಕೊಚ್ಚಿಯ ನಡುವೆ. ದೆಹಲಿಯ ವಾಣಿಜ್ಯ ಸಚಿವಾಲಯದಲ್ಲಿ ಒಂದೇ ಮಾಲಿಗೆ ಎರಡು ಅರ್ಜಿ ಬಂದು ಕೂತಿರುತ್ತವೆ.

ಆದರೂ ಎರಡನ್ನೂ ಒಂದೇ ತಕ್ಕಡಿಗೆ ನಾನು ಹಾಕಲಾರೆ. ಮೆಣಸಿನ ಬಳ್ಳಿಯನ್ನು ಕಿತ್ತು ಹನೋಯ್‌ಗೆ ಒಯ್ಯಲಾಗದು. ಫೋನಿನ ಜೋಡಣೆ ಲೈನನ್ನು ಒಯ್ಯಬಹುದು, ಒಯ್ದೂ ಬಿಡುತ್ತಾರೆ. ಯಾರು ಎದ್ದು ಹೋಗಬಲ್ಲರೋ ಅವರ ಮಾತು ನಡೆಯುತ್ತದೆ. ನ್ಯಾಯವೋ ಅಲ್ಲವೋ, ಸುಂಕದ ಪಟ್ಟಿ ಈಗ ಹಾಗೆಯೇ ತಯಾರಾಗುತ್ತಿದೆ.

ಕೋಲಾರ ಶಿಫ್ಟ್:
ಎದ್ದು ಹೋಗಬಲ್ಲವರ ಮಾತು ಸುಂಕದಲ್ಲಿ ಮಾತ್ರ ನಡೆಯೋದಲ್ಲ ಸರ್. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿದ್ದು ನೆನಪಿರಬೇಕು. ದಿನಕ್ಕೆ 12 ಗಂಟೆವರೆಗೆ ಕೆಲಸ (ವಾರಕ್ಕೆ 48ರ ಮಿತಿ), ಮೂರು ತಿಂಗಳ ಓವರ್‌ಟೈಂ ಮಿತಿ 75ರಿಂದ 145 ಗಂಟೆಗೆ, ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ. ಫೋನ್ ಲೈನಿನಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ, ಹಾಗಾಗಿ ಇದು ಯಾರಿಗೋಸ್ಕರ ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಪಾಳಿ ಬೇಡ ಅಂತ ನಾನು ಹೇಳಲ್ಲ, ಅದರಲ್ಲಿ ದುಡ್ಡಿದೆ, ಬಸ್ ಇದ್ದರೆ ಸಾಕು. ಆದರೆ 2020ರ ಡಿಸೆಂಬರಲ್ಲಿ ನರಸಾಪುರದಲ್ಲಿ ಗಲಾಟೆ ಆಗಿದ್ದು ಸಂಬಳಕ್ಕೆ. ಈ ಇಡೀ ಚರ್ಚೆಯಲ್ಲಿ ಜೋಡಣೆ ಕೂಲಿಯ ಆ ಆರೂವರೆ ಡಾಲರ್ ಯಾರಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ, ಅದಕ್ಕೇ ಬರೆದೆ.

ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದದಲ್ಲಿ ಕಾರಿನ 40-45 ಶೇಕಡ ಭಾಗವನ್ನು ಗಂಟೆಗೆ 16 ಡಾಲರ್ ಸಂಬಳ ಕೊಡೋ ಕಡೆ ಮಾಡಿರಬೇಕು ಅಂತ ನಿಯಮ ಇದೆಯಂತೆ. ಕೂಲಿಯನ್ನೂ ವ್ಯಾಪಾರ ಒಪ್ಪಂದದಲ್ಲಿ ಬರೆಯೋಕಾಗುತ್ತೆ ಅಂತಾಯ್ತಲ್ಲ.

ಹಾಸನದವ ಹನೋಯ್‌ನಲ್ಲಿ:
ಹೌದು ಅಕ್ಕ, ಆದರೆ ಅದನ್ನ ಬರೆಸಿದ್ದು ಮೆಕ್ಸಿಕೊದ ಕಾರ್ಮಿಕರಿಗೆ ಸಂಬಳ ಜಾಸ್ತಿ ಆಗಲಿ ಅಂತಲ್ಲ, ಕೆಲಸ ಮಿಷಿಗನ್‌ಗೆ ವಾಪಸ್ ಬರಲಿ ಅಂತ.

ಕೋಲಾರ ಶಿಫ್ಟ್:
ಗೊತ್ತು. ಆದರೂ ಬರೆಯೋಕಾಗುತ್ತೆ.

ಬೊಮ್ಮನಹಳ್ಳಿ ಮರ್ಚಂಡೈಸರ್:
ಗಾರ್ಮೆಂಟ್ಸ್ ಕಡೆಯಿಂದ ಒಂದು ಮಾತು. ನಮಗೆ ಸುಂಕಕ್ಕಿಂತ ಹೆಚ್ಚು ಕಷ್ಟ ಕೊಟ್ಟಿದ್ದು ಗುಣಮಟ್ಟ ನಿಯಂತ್ರಣ ಆದೇಶ. 2023ರಲ್ಲಿ ವಿಸ್ಕೋಸ್, ಪಾಲಿಯೆಸ್ಟರ್ ನೂಲು-ನಾರಿಗೆಲ್ಲ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆ ಕಡ್ಡಾಯ ಆಯ್ತು. ಹೊರದೇಶದ ಕಾರ್ಖಾನೆಗೆ ಇಲ್ಲಿನ ಅಧಿಕಾರಿಗಳು ಹೋಗಿ ತಪಾಸಣೆ ಮಾಡಿ ಪರವಾನಗಿ ಕೊಡಬೇಕಿತ್ತು. ಹೋಗದಿದ್ದರೆ ಮಾಲು ಬರ್ತಿರಲಿಲ್ಲ. ಸುಂಕ ಒಂದು ಪೈಸೆ ಏರಿಸದೇ ಆಮದು ನಿಲ್ಲಿಸೋ ಉಪಾಯ. ಬಾಯರ್, ಅಂದರೆ ಹೊರಗಿನ ಖರೀದಿದಾರ, ಇಂಥದೇ ಮಿಲ್ಲಿನ ಇಂಥದೇ ಬಟ್ಟೆ ಅಂತ ಸೂಚಿಸಿರ್ತಾನೆ, ನಾವು ದೇಶದೊಳಗಿನ ದುಬಾರಿ ನೂಲು ಹಿಡಿದು ಬಾಂಗ್ಲಾದೇಶದ ಜೊತೆ ಸ್ಪರ್ಧೆ ಮಾಡಬೇಕಿತ್ತು.

ಬಾಂಗ್ಲಾದ ಅದೃಷ್ಟ ನೋಡಿ. 2011ರಿಂದ ಯುರೋಪ್ ಅವರಿಗೆ ಒಂದೇ ಹಂತದ ನಿಯಮ ಕೊಟ್ಟಿದೆ: ಬಟ್ಟೆ ಚೀನಾದ್ದಾದರೂ ಪರವಾಗಿಲ್ಲ, ಹೊಲಿದದ್ದು ಢಾಕಾದಲ್ಲಾದರೆ ಸೊನ್ನೆ ಸುಂಕ. 2025ರ ನವೆಂಬರಲ್ಲಿ ಕೇಂದ್ರ ಇಂಥ ಹಲವು ಗುಣಮಟ್ಟ ಆದೇಶಗಳನ್ನು ವಾಪಸ್ ತಗೊಂಡಿತು. ಯಾಕೆ ಗೊತ್ತಾ? ಆ ಆಗಸ್ಟ್ 27ರಿಂದ ಅಮೆರಿಕ ನಮ್ಮ ಮಾಲಿಗೆ 50 ಶೇಕಡ ಹಾಕಿತ್ತು. ಫೋನಿಗೆ ವಿನಾಯಿತಿ ಇತ್ತು, ಶರ್ಟಿಗೆ ಇರಲಿಲ್ಲ. ಬಿಸಿ ಮುಟ್ಟಿದ ಮೇಲೆ ಒಳಗಿನ ಗೋಡೆ ಒಡೆದರು ಅಂತ ನನ್ನ ಅಂದಾಜು. ಬ್ರಿಟನ್ ಜೊತೆ 2025ರ ಜುಲೈಯಲ್ಲಿ ಸಹಿ ಆದ ಒಪ್ಪಂದದ ಮೇಲೆ ನಮಗೆ ಆಸೆ ಇದೆ, ಆದರೆ ನೂಲಿನ ಬೆಲೆ ಸರಿ ಇಲ್ಲದೆ ಸೊನ್ನೆ ಸುಂಕ ಸಿಕ್ಕಿ ಏನು ಬಂತು?

ಪೀಣ್ಯ ಟೂಲ್‌ರೂಂ:
ಎಲ್ಲಾ ಓದಿದೆ. ಅರ್ಧ ಒಪ್ತೀನಿ, ಅರ್ಧ ಇಲ್ಲ.

ಒಪ್ಪದಿರೋದು ಇದು. ಎಲ್ಲಾ ಭಾಗಕ್ಕೂ ಬಾಗಿಲು ತೆಗೆದು, ಒಂದು ದಿನ ಆ ಭಾಗ ಕೊಡಲ್ಲ ಅಂತ ಅವರು ಅಂದರೆ? 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ವಿರಳ ಲೋಹಗಳಿಗೆ, ಅದರ ಆಯಸ್ಕಾಂತಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಬೆಲೆಯಲ್ಲಿ ಮ್ಯಾಗ್ನೆಟ್ ಲೆಕ್ಕಕ್ಕೇ ಇಲ್ಲ. ಅದಿಲ್ಲದೆ ಮೋಟರ್ ತಿರುಗಲ್ಲ. ಹೊಸೂರು ಕಡೆಗೆ ಕೆಲಸ ಮಾಡೋ ನಮ್ಮ ಪಕ್ಕದ ಶೆಡ್ಡಿನವರಿಗೆ ಆಗ ಆರ್ಡರ್ ಮುಂದಕ್ಕೆ ಹೋಯ್ತು. ಆಮೇಲೆ ನವೆಂಬರಲ್ಲಿ ಸರ್ಕಾರ 7,280 ಕೋಟಿಯ ಮ್ಯಾಗ್ನೆಟ್ ಯೋಜನೆ ಒಪ್ಪಿತು. ಆ ದುಡ್ಡು ಹತ್ತು ವರ್ಷ ಮುಂಚೆ ಹಾಕಿದ್ದರೆ ಎಷ್ಟು ಕಡಿಮೆಗೆ ಆಗ್ತಿತ್ತು?

ಒಪ್ಪೋದು: ಸುಂಕ ಎತ್ತರ ಇದ್ದ ಮಾತ್ರಕ್ಕೆ ನನಗೆ ಆರ್ಡರ್ ಬರಲಿಲ್ಲ. 15 ಶೇಕಡ ಇದ್ದಾಗಲೂ ಯಾರೂ ಪೀಣ್ಯಕ್ಕೆ ಬಂದು ಸಿಮ್ ಟ್ರೇ ಟೂಲ್ ಕೇಳಲಿಲ್ಲ. ಅವರಿಗೆ ಬೇಕಿದ್ದ ಅಳತೆ ಮೈಕ್ರಾನ್ ಲೆಕ್ಕದ್ದು, ಅದಕ್ಕೆ ಬೇಕಾದ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು 'ಆರ್ಡರ್ ತೋರಿಸಿ' ಅಂತಾರೆ, ಆರ್ಡರ್ ಕೇಳಿದರೆ ಕಂಪನಿಯವರು 'ಯಂತ್ರ ತೋರಿಸಿ' ಅಂತಾರೆ.

ಧಾರವಾಡ ಮಾಸ್ತರ:
ಮ್ಯಾಗ್ನೆಟ್ ವಿಚಾರದಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. 2022ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಸುಧಾರಿತ ಚಿಪ್ ಮತ್ತು ಅದನ್ನು ಮಾಡುವ ಯಂತ್ರ ಹೋಗದಂತೆ ಅಮೆರಿಕ ತಡೆದಾಗಲೇ ದಿಕ್ಕು ಬದಲಾಗಿತ್ತು. ವ್ಯಾಪಾರ ನೀತಿ ಎಂದರೆ ಆಮದು ತಡೆಯುವುದು ಎಂದು ನಾವು ಪಾಠ ಮಾಡುತ್ತಿದ್ದೆವು, ಈಗ ರಫ್ತು ತಡೆಯುವುದೇ ದೊಡ್ಡ ಅಸ್ತ್ರ. ಆದರೆ ಇದಕ್ಕೆ ಔಷಧಿ ಸ್ಕ್ರೂ ಮೇಲೆ ಸುಂಕ ಅಲ್ಲ. ಸ್ಕ್ರೂ ಹತ್ತು ದೇಶದಲ್ಲಿ ಸಿಗುತ್ತದೆ. ಎಲ್ಲಿ ಒಬ್ಬನೇ ಕೊಡುವವನಿದ್ದಾನೋ ಅಲ್ಲಿ ದುಡ್ಡು ಹಾಕಬೇಕು, ಉಳಿದ ಕಡೆ ಬಿಡಬೇಕು. ನಾವು ಮಾಡಿದ್ದು ತಿರುಗಾಮುರುಗಾ.

ನಿಮ್ಮ ಯಂತ್ರದ ವಿಷಯಕ್ಕೆ ಬಂದರೆ, 2025ರ ಮಾರ್ಚ್‌ನಲ್ಲಿ 22,919 ಕೋಟಿಯ ಎಲೆಕ್ಟ್ರಾನಿಕ್ ಬಿಡಿಭಾಗ ತಯಾರಿಕಾ ಯೋಜನೆ ಬಂದಿದೆ. ಸುಂಕದ ಬದಲು ಬಿಡಿಭಾಗ ಮಾಡುವವರಿಗೇ ನೇರ ನೆರವು. ಇದು 2017ರಲ್ಲೇ ಬರಬೇಕಿತ್ತು. ಚೀನಾದ ಕಂಪನಿಗಳು ಬರುವುದಕ್ಕೆ 2020ರ ಏಪ್ರಿಲ್‌ನ ಹೂಡಿಕೆ ನಿರ್ಬಂಧ, ಅಲ್ಲಿನ ತಂತ್ರಜ್ಞರು ಬಂದು ಕಲಿಸುವುದಕ್ಕೆ ಆಮೇಲಿನ ವೀಸಾ ಬಿಗಿ ಅಡ್ಡಿಯಾದವು. ಆ ವರ್ಷವೇ ಗಡಿ ಜಗಳವೂ ಆದದ್ದರಿಂದ ಅವು ಬೇಡವಾಗಿತ್ತು ಎನ್ನುವ ಧೈರ್ಯ ನನಗಿಲ್ಲ, ಆದರೆ ಬೆಲೆ ತೆತ್ತಿದ್ದೇವೆ.

ಸೋಮವಾರಪೇಟೆ ಕರಿಮೆಣಸು:
ಅದೆಲ್ಲ ಇರಲಿ, ಶ್ರೀಲಂಕಾ ಸರ್ಟಿಫಿಕೇಟ್ ಸುಳ್ಳಾದರೆ ಹಿಡಿಯೋರು ಯಾರು? ಏಜೆಂಟ್ ಅಣ್ಣ, ನೀವೇ ಹೇಳಿ.

ಏರ್ ಕಾರ್ಗೋ ಏಜೆಂಟ್:
ಮೆಣಸು ನಮ್ಮಲ್ಲಿ ಇಳಿಯಲ್ಲ ಸರ್, ಅದು ಹಡಗಿನ ಮಾಲು. ಆದರೆ ನಿಯಮ ಒಂದೇ. 2020ರ ಸೆಪ್ಟೆಂಬರ್ 21ರಿಂದ ಕರೋಟಾರ್ ಅಂತ, ಮಾಲಿನ ಮೂಲ ದೇಶ ಪರಿಶೀಲಿಸೋ ಕಸ್ಟಮ್ಸ್ ನಿಯಮ ಬಂದಿದೆ. ಮೊದಲು ಆ ದೇಶದ ಸರ್ಟಿಫಿಕೇಟ್ ತೋರಿಸಿದರೆ ಮುಗೀತು. ಈಗ ಮಾಲು ಅಲ್ಲೇ ಹುಟ್ಟಿದ್ದು ಹೇಗೆ, ಎಷ್ಟು ಮೌಲ್ಯ ಅಲ್ಲಿ ಸೇರಿತು ಅನ್ನೋ ವಿವರ ಆಮದುದಾರನ ಹತ್ತಿರವೇ ಇರಬೇಕು. ಆಸಿಯಾನ್ ಮಾಲಾದರೆ ಸಾಮಾನ್ಯವಾಗಿ 35 ಶೇಕಡ ಅಲ್ಲಿನ ಮೌಲ್ಯ, ಜೊತೆಗೆ ಸುಂಕದ ಪಟ್ಟಿಯಲ್ಲಿ ಮಾಲಿನ ಉಪಶಿರೋನಾಮೆ ಬದಲಾಗಿರಬೇಕು. ಮೆಣಸಿಗೆ ಅದೇನಿಲ್ಲ, ಅಲ್ಲೇ ಬೆಳೆದಿರಬೇಕು ಅಷ್ಟೇ. ಒಣಗಿಸಿ, ಜರಡಿ ಹಿಡಿದು, ಚೀಲ ಬದಲಿಸಿದರೆ ಮೂಲ ಬದಲಾಗಲ್ಲ. ಅನುಮಾನ ಬಂದರೆ ಕಸ್ಟಮ್ಸ್‌ನವರು ಕೊಲಂಬೊಗೆ ಬರೆದು ಪರಿಶೀಲನೆ ಕೇಳಬಹುದು, ಉತ್ತರ ಬರೋವರೆಗೆ ರಿಯಾಯಿತಿ ತಡೆಹಿಡಿಯಬಹುದು. ನಿಮ್ಮ ಸಂಘದಿಂದ ದೂರು ಕೊಡೋದಾದರೆ ಬರೀ 'ಅಗ್ಗದ ಮೆಣಸು ಬರ್ತಿದೆ' ಅಂತ ಬರೀಬೇಡಿ. ಯಾವ ಬಂದರು, ಯಾವ ತಿಂಗಳು, ಎಷ್ಟು ಟನ್, ಆ ತಿಂಗಳು ಶ್ರೀಲಂಕಾದಲ್ಲಿ ಕೊಯ್ಲು ಇತ್ತಾ ಅಂತ ಹಾಕಿ. ಆಗ ಓದ್ತಾರೆ.

ಪೀಣ್ಯದವರಿಗೆ: ನೀವು ತರಿಸೋ ಟೂಲ್ ಸ್ಟೀಲ್ ಯಾವ ಗ್ರೇಡು? ಉಕ್ಕಿಗೂ ಗುಣಮಟ್ಟ ಆದೇಶ ಇದೆ, ಗ್ರೇಡ್ ನೋಡಿ ಹೇಳಬೇಕು. ರಫ್ತು ಮಾಡೋ ಫೋನ್ ಕಂಪನಿಗೇ ಟೂಲ್ ಕೊಡೋದಾದರೆ ರಿಯಾಯಿತಿ ದರದ ನಿಯಮದಡಿ ತರೋ ದಾರಿ ಇದೆಯಾ ಅಂತಲೂ ನೋಡೋಣ. ಗ್ರೇಡು, ಎಚ್‌ಎಸ್ ಕೋಡು (ಸುಂಕದ ಪಟ್ಟಿಯಲ್ಲಿ ಮಾಲಿನ ಸಂಖ್ಯೆ) ಇಲ್ಲೇ ಹಾಕಿ.

ಪೀಣ್ಯ ಟೂಲ್‌ರೂಂ:
ಎಚ್13, ಮತ್ತೆ ಡಿ2. ಕೋಡು ನಾಳೆ ಹಳೇ ಬಿಲ್ ನೋಡಿ ಹಾಕ್ತೀನಿ.